ನೊಗದ ಮೇಲೆ ಎಷ್ಟು ಭಾರ?

ನಮ್ಮ ಮುಶಿಗೇರಿ ಕಡೆ ಚಕ್ಕಡಿಗೆ ಚೀಲ ಹೇರುವಾಗ ಹಿರಿಯರು ಹೇಳುವ ಮಾತೊಂದಿದೆ: ‘ಹಿಂದ ಭಾರ ಆತು, ಎರಡ ಚೀಲ ಮುಂದ ಸರಸ್ರಿ.’ ಎಂಜಿನಿಯರಿಂಗ್ ಮೊದಲ ವರ್ಷದ ಮೆಕ್ಯಾನಿಕ್ಸ್ ಪುಸ್ತಕದಲ್ಲಿ ಇದರ ಹೆಸರು ‘ಮೊಮೆಂಟ್’. ಹೆಸರು ಬದಲಾದದ್ದೇ ತಡ, ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನಮ್ಮಂಥವರ ಎದೆ ಢವಢವ.

ಲೆಕ್ಕ ಮಾಡಿಯೇ ನೋಡೋಣ. ಚಕ್ಕಡಿಯಲ್ಲಿ 1000 ಕೆ.ಜಿ. ಜೋಳವಿದೆ ಎನ್ನಿ. ಅದರ ಗುರುತ್ವ ಕೇಂದ್ರ ಅಚ್ಚಿಗಿಂತ 10 ಸೆಂ.ಮೀ. ಮುಂದಿದೆ. ಅಚ್ಚಿನಿಂದ ನೊಗ 2.5 ಮೀಟರ್ ದೂರ. ಗಾಡಿಯ ಸ್ವಂತ ತೂಕ ಬಿಡೋಣ. 1000ವನ್ನು 0.1ರಿಂದ ಗುಣಿಸಿ 2.5ರಿಂದ ಭಾಗಿಸಿದರೆ 40. ಅಂದರೆ ಜೋಡೆತ್ತಿನ ಹೆಗಲಿಗೆ ಬೀಳುವುದು 40 ಕೆ.ಜಿ. ಮಾತ್ರ, ಉಳಿದ 960 ಗಾಲಿಗಳ ಪಾಲು. ಅದೇ 10 ಸೆಂ.ಮೀ. ಹಿಂದಕ್ಕೆ ಹೋದರೆ? ನೊಗ ಅಷ್ಟೇ ಬಲದಿಂದ ಮೇಲೇಳುತ್ತದೆ, ಎತ್ತಿನ ಕೊರಳಪಟ್ಟಿ ಬಿಗಿಯುತ್ತದೆ. ಆಗ 100 ಕೆ.ಜಿ.ಯ ಎರಡು ಚೀಲಗಳನ್ನು ಒಂದು ಮೀಟರ್ ಮುಂದೆ ಸರಿಸಿದರೆ ಗುರುತ್ವ ಕೇಂದ್ರ 20 ಸೆಂ.ಮೀ. ಮುಂದೆ ಬಂದು ಎಲ್ಲ ಸರಿಹೋಗುತ್ತದೆ. ಹಿರಿಯರು ಹೇಳಿದ್ದೂ ಎರಡೇ ಚೀಲ!

ಬಿಡಿ ಬಿಡಿ ಬಲಗಳ ಮೊಮೆಂಟ್ ಕೂಡಿದರೆ ಒಟ್ಟು ಬಲದ ಮೊಮೆಂಟ್ ಸಿಗುತ್ತದೆ ಎಂಬ ಸೂತ್ರಕ್ಕೆ ಫ್ರಾನ್ಸಿನ ಪಿಯರ್ ವಾರಿಗ್ನನ್ ಹೆಸರಿದೆ. ಅವನ ಪುಸ್ತಕ ಬಂದದ್ದು 1687ರಲ್ಲಿ. ನ್ಯೂಟನ್ನನ ‘ಪ್ರಿನ್ಸಿಪಿಯಾ’ ಬಂದದ್ದೂ ಅದೇ ವರ್ಷ.

ನನ್ನ ಮಟ್ಟಿಗೆ ಈ ವಿಷಯದಲ್ಲಿ ಗಣಿತ ಕಷ್ಟವಲ್ಲ, ತ್ರಿಕೋನಮಿತಿ ಪಿಯುಸಿಯದ್ದೇ. ಕಷ್ಟವೆಲ್ಲ ಫ್ರೀ ಬಾಡಿ ಡಯಾಗ್ರಾಮ್‌ನಲ್ಲಿ. ನೆಲ, ಗೋಡೆ, ಹಗ್ಗ ಎಲ್ಲವನ್ನೂ ತೆಗೆದುಹಾಕಿ, ಅವು ಕೊಡುವ ಬಲವನ್ನಷ್ಟೇ ಬಾಣವಾಗಿ ಉಳಿಸಬೇಕು. ಒಂದು ಬಾಣ ಬಿಟ್ಟುಹೋದರೆ ಮುಂದಿನ ಎರಡು ಪುಟದ ಲೆಕ್ಕ ನೀರುಪಾಲು. ‘ಇದನ್ನು ಯಾರು ಮುಟ್ಟಿದ್ದಾರೆ, ಯಾರು ಎಳೆಯುತ್ತಿದ್ದಾರೆ?’ ಎಂದು ಕನ್ನಡದಲ್ಲೇ ಕೇಳಿಕೊಂಡು ಬಾಣ ಹಾಕಿ ನೋಡಿ. ಉತ್ತರವನ್ನು ಆಮೇಲೆ ಇಂಗ್ಲಿಷ್‌ನಲ್ಲಿ ಬರೆದರಾಯಿತು.

ಹಾಸ್ಟೆಲ್‌ನ ಗೆಳೆಯನೊಬ್ಬ ಮೊದಲ ಸೆಮಿಸ್ಟರ್‌ನಲ್ಲೇ ಓದು ಬಿಟ್ಟು ಊರಿಗೆ ಹೊರಟಿದ್ದ. ‘ಆ್ಯಂಗಲ್ ಆಫ್ ರಿಪೋಸ್’ ಎಂಬಲ್ಲಿಗೆ ಬಂದು ಪುಸ್ತಕ ಮುಚ್ಚಿದ್ದ. ‘ಕಣದಾಗ ಜ್ವಾಳದ ರಾಶಿ ಸಣ್ಣದಿದ್ರೂ ದೊಡ್ಡದಿದ್ರೂ ಇಳಿಜಾರು ಯಾಕ ಒಂದ ನಮೂನಿ ಇರತೈತಿ ಹೇಳಲೇ’ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಇನ್ನೂ ಕಡಿದಾದ್ರ ಕಾಳು ಜಾರತಾವು’ ಎಂದ. ಕಾಳಿಗೂ ಕಾಳಿಗೂ ನಡುವಿನ ಘರ್ಷಣೆಯೇ ಆ ಕೋನವನ್ನು ಹಿಡಿದಿಡುತ್ತದೆ ಎಂಬುದನ್ನು ನಾನು ಹೇಳುವ ಮೊದಲೇ ಅವನು ಒಂದು ಕಾಳು ಬರೆದು ಮೂರು ಬಾಣ ಹಾಕಿದ್ದ.

ಬ್ಯಾಗು ಮಂಚದ ಕೆಳಗೆ ಹೋಯಿತು. ಆ ಪೇಪರ್ ಅವನಿಗೆ ಇನ್ನೂ ಬಾಕಿಯಿದೆ, ಈ ಸಲ ಬರೆಯುತ್ತಿದ್ದಾನೆ.