‘ಟೊಂಕ ಮುರಿಯಿತು’ ಎಂಬ ಮಾತು

ಹನುಮಸಾಗರದ ಸೀಮೆಯಲ್ಲಿ ಟೊಂಕವೆಂದರೆ ನಡು. ಆದರೆ ವೃದ್ಧರು ಜಾರಿಬಿದ್ದಾಗ ‘ಟೊಂಕ ಮುರಿಯಿತು’ ಎಂದರೂ, ಮುರಿದಿರುವುದು ಅನೇಕವೇಳೆ ನಡುವಲ್ಲ, ತೊಡೆಯೆಲುಬಿನ ಕತ್ತು. ಈ ಭೇದವು ಬರಿಯ ಶಬ್ದವಿಚಾರವಲ್ಲ. ಎಲುಬಿನ ತಲೆಗೆ ರಕ್ತವು ಬಹುಮಟ್ಟಿಗೆ ಆ ಕತ್ತಿನ ಮಾರ್ಗವಾಗಿಯೇ ಹರಿಯುವುದರಿಂದ, ಕತ್ತು ಮುರಿದರೆ ತಲೆಯು ನಿರ್ಜೀವವಾಗುವ ಭಯವುಂಟು. ನಡುವಿಗೆ ಎಣ್ಣೆ ತಿಕ್ಕುತ್ತ ಕಳೆದ ದಿನಗಳು ವ್ಯರ್ಥವೇ ಸರಿ.

ಮುಪ್ಪು, ಮುಟ್ಟು ನಿಂತ ಸ್ತ್ರೀಯರ ಎಲುಬಿನ ಸವಕಳಿ, ಮಂದದೃಷ್ಟಿ, ನಿದ್ರೆಯ ಔಷಧ ಇವು ಎಲ್ಲ ನಾಡುಗಳಿಗೂ ಸಮಾನವಾದ ಕಾರಣಗಳು. ಇಲ್ಲಿಗೆ ವಿಶೇಷವಾದುದು ನೀರು. ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಮಿನ ಮೇರೆಯನ್ನು ಮೀರಿದೆ. ಅದು ಎಲುಬನ್ನು ಸಾಂದ್ರಗೊಳಿಸುತ್ತದೆ. ಸಾಂದ್ರವಾದುದೆಲ್ಲ ಗಟ್ಟಿಯೆಂದು ಬಗೆಯಲಾಗದು. 1990ರಲ್ಲಿ ಅಮೆರಿಕದಿಂದ ಪ್ರಕಟವಾದ, 202 ಸ್ತ್ರೀಯರನ್ನು ಕುರಿತ ನಾಲ್ಕು ವರ್ಷಗಳ ಪರೀಕ್ಷೆಯಲ್ಲಿ, ದಿನಕ್ಕೆ 75 ಮಿಲಿಗ್ರಾಂ ಸೋಡಿಯಂ ಫ್ಲೋರೈಡನ್ನು ಸೇವಿಸಿದವರ ಬೆನ್ನೆಲುಬು ಸಾಂದ್ರವಾಯಿತು; ಬೆನ್ನುಳಿದ ಎಲುಬುಗಳ ಮುರಿತವೋ ಹೆಚ್ಚಿತು. ಬಾವಿನೀರಿನಲ್ಲಿ ಪ್ರಮಾಣವು ಕಡಿಮೆಯೇ. ಆದರೆ ಅದನ್ನು ಕುಡಿಯುವುದು ಆಜನ್ಮ. ಮೇಲಾಗಿ ಬೆನ್ನು, ಕೀಲುಗಳು ಬಿಗಿದವನು ಎಡವಿದಾಗ ಸಾವರಿಸಿಕೊಳ್ಳಲಾರನು.

ಬಿದ್ದ ಬಳಿಕ ಕೊಲ್ಲುವುದು ಮುರಿತಕ್ಕಿಂತ ಹಾಸಿಗೆ: ಬೆನ್ನುಹುಣ್ಣು, ಶ್ವಾಸಕೋಶದ ಉರಿಯೂತ, ಹೆಪ್ಪುಗಟ್ಟಿದ ರಕ್ತ. ಇಂಥವರಲ್ಲಿ ಸುಮಾರು ಐದರಲ್ಲೊಬ್ಬರು ವರ್ಷದೊಳಗೆ ತೀರಿಕೊಳ್ಳುತ್ತಾರೆ; ಬದುಕಿದವರಲ್ಲಿ ಅನೇಕರು ಮೊದಲಿನಂತೆ ನಡೆಯರು. ಎರಡು ದಿನಗಳೊಳಗೆ ಶಸ್ತ್ರಚಿಕಿತ್ಸೆ ಮಾಡಿ, ಮರುದಿನವೇ ಎಬ್ಬಿಸಿ ನಿಲ್ಲಿಸುವುದು ಇಂದಿನ ಪದ್ಧತಿ. ಬಿದ್ದವರ ಒಂದು ಕಾಲು ಗಿಡ್ಡವಾಗಿ ಪಾದವು ಹೊರಕ್ಕೆ ಹೊರಳಿದ್ದರೆ, ಅದು ನಡುವಿನ ಉಳುಕಲ್ಲವೆಂದು ತಿಳಿದು ಕೂಡಲೆ ಆಸ್ಪತ್ರೆಗೆ ಒಯ್ಯತಕ್ಕದ್ದು.