ಹೊಸಮನಿ ಅಂದ್ರ ಯಾವ ಹೊಸಮನಿ?

ಕಲಬುರಗಿ ಜಿಲ್ಲೆಯ ಸೇಡಂ, ಚಿಂಚೋಳಿ ಕಡೆ ಸಂಬಂಧ ಕೂಡಿಸುವ ಮಾತು ಬಂತೆಂದರೆ ಹುಡುಗನ ಅಡ್ಡಹೆಸರು ಹೊಸಮನಿ ಎಂದು ಕೇಳಿ ಹಿರಿಯರು ಸುಮ್ಮನಾಗುವುದಿಲ್ಲ. ವಿಚಾರಣೆ ಶುರುವಾಗುವುದೇ ಅಲ್ಲಿಂದ.

“ಯಾವ ಹೊಸಮನಿಯವ್ರಿ?”

“ಚಿತ್ತಾಪುರ ಕಡೇವ್ರು.”

“ಚಿತ್ತಾಪುರ ಕಡೆ ಅಂದ್ರ ಯಾ ಊರ?”

ಊರು ಗೊತ್ತಾದರೆ ಓಣಿ, ಓಣಿ ಗೊತ್ತಾದರೆ ಮನಿದೇವರು, ಅದಾದ ಮೇಲೆ ತಾಯಿಯ ತವರು. ಇಷ್ಟು ದೂರ ಬಂದ ಮೇಲೆಯೇ ಈ ಹೊಸಮನಿಯವರು ಲಿಂಗಾಯತರೋ, ಕುರುಬರೋ, ದಲಿತರೋ ಎಂಬುದು ಹೊರಬೀಳುತ್ತದೆ. ಕುಲಕರ್ಣಿ, ಹಿರೇಮಠ, ಬಡಿಗೇರ ಎಂದರೆ ಕೇಳಿದವರು ತಮಗೆ ಬೇಕಾದ್ದನ್ನು ಅರ್ಧ ತಿಳಿದುಕೊಂಡಂತೆಯೇ. ಹೊಸಮನಿ ಮಾತ್ರ ಯಾವ ಗುಟ್ಟನ್ನೂ ಬಿಟ್ಟುಕೊಡುವುದಿಲ್ಲ. ಪಟ್ಟಣದಲ್ಲಿ ಬಾಡಿಗೆ ಮನೆ ಹುಡುಕಿದ ಎಷ್ಟೋ ಜನರಿಗೆ ಇದರಿಂದ ಉಪಕಾರವೇ ಆಗಿದೆ.

ಬೆಳಗಾವಿ, ಧಾರವಾಡ, ಹಾವೇರಿಯಿಂದ ಹಿಡಿದು ವಿಜಯಪುರ, ಕೊಪ್ಪಳ, ರಾಯಚೂರು, ಕಲಬುರಗಿಯವರೆಗೆ ಈ ಹೆಸರು ಹರಡಿಕೊಂಡಿದೆ. ಹಾವೇರಿಯ ಸ್ವಾತಂತ್ರ್ಯ ಹೋರಾಟಗಾರ ಹೊಸಮನಿ ಸಿದ್ದಪ್ಪನವರನ್ನು ಆ ಕಡೆಯವರು ಇಂದಿಗೂ ನೆನೆಯುತ್ತಾರೆ. ಅಷ್ಟು ಹರವಿರುವ ಹೆಸರಿಗೆ ಮೂಲಪುರುಷ ಯಾರು ಎಂದು ಕೇಳಿದರೆ ಉತ್ತರ ಸಿಗದು, ಏಕೆಂದರೆ ಅಂಥ ಒಬ್ಬ ಪುರುಷ ಇರಲೇ ಇಲ್ಲ. ಪ್ರತಿ ಊರೂ ತನ್ನ ಹೊಸಮನಿಯನ್ನು ತಾನೇ ಹುಟ್ಟಿಸಿಕೊಂಡಿದೆ.

ಹುಟ್ಟುವ ಬಗೆ ಸರಳ. ಅಣ್ಣತಮ್ಮಂದಿರ ನಡುವೆ ಜಗಳವೋ, ಮನೆಯಲ್ಲಿ ಜಾಗ ಸಾಲದ್ದೋ, ಒಟ್ಟಿನಲ್ಲಿ “ಬ್ಯಾರೆ ಆದ್ರು” ಎಂಬ ಮಾತು ಊರಲ್ಲಿ ಕೇಳುತ್ತದೆ. ಹಿರಿಯರು ಕೂತು ಹೊಲ, ಎತ್ತು, ಭಾಂಡೆ ಸಾಮಾನು ಹಂಚುತ್ತಾರೆ. ದೇವರ ಜಗಲಿ ಇರುವ ಹಳೇ ಮನೆ ಸಾಮಾನ್ಯವಾಗಿ ಅಣ್ಣನಿಗೆ. ತಮ್ಮ ಊರ ಅಂಚಿನಲ್ಲಿ ಜಾಗ ನೋಡಿ ಮನೆ ಎಬ್ಬಿಸುತ್ತಾನೆ. ಸೇಡಂ, ಚಿತ್ತಾಪುರ ಸೀಮೆಯಲ್ಲಿ ಕಟ್ಟಲು ಕಲ್ಲಿಗೆ ಬರವಿಲ್ಲ. ನೆಲ ಅಗೆದರೆ ಪದರು ಪದರಾಗಿ ಏಳುವ ಫರಸಿಯೇ ಗೋಡೆ, ಅದೇ ನೆಲಹಾಸು, ಎಷ್ಟೋ ಕಡೆ ಮೇಲ್ಛಾವಣಿಯೂ ಅದೇ. ಹಿಟ್ಟಿನ ಗಿರಣಿಗೆ ಹೋದಾಗ, ಬಾವಿಗೆ ಹೋದಾಗ ಆ ಮನೆಯವರನ್ನು ಗುರುತಿಸಲು ಊರಿಗೊಂದು ಹೆಸರು ಬೇಕು. “ಹೊಸಾ ಮನಿಯವ್ರು” ಎಂದು ಕರೆದರು, ಅಲ್ಲಿಗೆ ಮುಗಿಯಿತು. ಮನೆ ಹಳತಾಗಿ ಗೋಡೆ ಬಾಗಿ, ಮೊಮ್ಮಗ ಅದನ್ನು ಕೆಡವಿ ಆರ್‌ಸಿಸಿ ಮನೆ ಕಟ್ಟಿಸಿದರೂ ಹೆಸರು ಬದಲಾಗುವುದಿಲ್ಲ. ಅಷ್ಟರಲ್ಲಿ ಅದು ಶಾಲೆಯ ದಾಖಲಾತಿ ಪುಸ್ತಕ ಸೇರಿರುತ್ತದೆ.

ಹೀಗೆ ನೋಡಿದರೆ ಹೊಸಮನಿ ಎಂಬುದು ಪಾಲಾಗಿ ಹೊರಬಿದ್ದವರ ಹೆಸರು. ಪಾಲಿನ ಕಾನೂನಿಗೂ ಈ ಮಣ್ಣಿಗೂ ಹಳೆಯ ನಂಟಿದೆ. ಶಹಾಬಾದಿನ ಹತ್ತಿರದ ಮರತೂರನ್ನು ವಿಜ್ಞಾನೇಶ್ವರನ ಊರೆಂದು ಹೇಳುತ್ತಾರೆ. ಅವನ ಹೆಸರಿನ ಭವನವೂ ಅಲ್ಲಿದೆ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ಎಂಬ ವ್ಯಾಖ್ಯಾನ ಬರೆದವನು ಅವನೇ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂದಿತು ಮಿತಾಕ್ಷರ. ತಂದೆ ಸತ್ತ ಮೇಲಷ್ಟೇ ಹಕ್ಕು ಎಂದ ಬಂಗಾಳದ ದಾಯಭಾಗವನ್ನು ಬಿಟ್ಟರೆ ಭಾರತದ ಬಹುಭಾಗದ ಹಿಂದೂ ಕುಟುಂಬಗಳು ಶತಮಾನಗಟ್ಟಲೆ ನಡೆದದ್ದು ಇದರ ಮೇಲೆಯೇ. ಹುಟ್ಟಿದ ಪ್ರತಿ ಗಂಡುಮಗುವಿಗೂ ಪಾಲು ಎಂದ ಮೇಲೆ ತಲೆಮಾರಿಗೊಂದು ಹೊಸ ಮನೆ ಏಳದೆ ಏನಾದೀತು?

ಪಾಲು ಮಾಡದೆ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ಬೇಕಾದರೆ ಬಹಳ ದೂರ ಹೋಗಬೇಕು. ಸ್ಪೇನ್ ಮತ್ತು ಫ್ರಾನ್ಸ್ ಗಡಿಯ ಬೆಟ್ಟಗಳಲ್ಲಿ ಬಾಸ್ಕ್ ಎಂಬ ಜನ ಇದ್ದಾರೆ. ಅವರ ಭಾಷೆಗೆ ಯುರೋಪಿನ ಯಾವ ಭಾಷೆಯೂ ನೆಂಟನಲ್ಲ. ಅಲ್ಲಿಯೂ ಮನೆಯೇ ಮನುಷ್ಯನ ಗುರುತು. ಎಚೆ ಎಂದರೆ ಮನೆ, ಬೆರಿ ಎಂದರೆ ಹೊಸದು. ಎಚೆಬೆರಿಯಾ ಅವರಲ್ಲಿ ತೀರ ಸಾಮಾನ್ಯವಾದ ಅಡ್ಡಹೆಸರು. ಅಕ್ಷರಶಃ ಹೊಸಮನಿ! ನಮ್ಮಲ್ಲಿಯಂತೆ ಅಲ್ಲಿಯೂ ಅದು ಒಂದೇ ವಂಶದ್ದಲ್ಲ, ಊರೂರಿನಲ್ಲಿ ಬೇರೆಬೇರೆಯಾಗಿ ಹುಟ್ಟಿದ್ದು. ಆದರೆ ಬಾಸ್ಕ್ ರೈತರು ಮನೆ ಹೊಲಗಳನ್ನು ಒಡೆಯುತ್ತಿರಲಿಲ್ಲ. ಮಕ್ಕಳಲ್ಲಿ ಒಬ್ಬರಿಗೆ, ಅದು ಮಗಳೂ ಆಗಬಹುದು, ಇಡೀ ಮನೆ. ಉಳಿದವರು ಮಠಕ್ಕೋ, ಹಡಗಿಗೋ, ಅಮೆರಿಕಕ್ಕೋ ಹೋಗಬೇಕು. ಹಾಗೆ ಹೊರಟವರ ಹಿಂದೆ ಹೆಸರೂ ಸಮುದ್ರ ದಾಟಿತು. 1970ರಿಂದ 1976ರವರೆಗೆ ಮೆಕ್ಸಿಕೊದ ಅಧ್ಯಕ್ಷರಾಗಿದ್ದವರು ಲೂಯಿಸ್ ಎಚೆವೆರಿಯಾ. ಬೊಲಿವಾರ್ ಎಂಬ ಪುಟ್ಟ ಬಾಸ್ಕ್ ಹಳ್ಳಿ ಒಂದು ಮನೆತನದ ಹೆಸರಾಗಿ, ಆ ಮನೆತನದ ಸಿಮೋನ್ ಬೊಲಿವಾರ್ ದಕ್ಷಿಣ ಅಮೆರಿಕದ ವಿಮೋಚಕನಾಗಿ, ಕೊನೆಗೆ ಬೊಲಿವಿಯಾ ಎಂಬ ದೇಶವೇ ಆಯಿತು.

ಎಚೆಬೆರಿಯಾ ಎಂಬ ಹೆಸರು ನಮ್ಮ ಮಗ್ಗುಲಿಗೂ ಬಂದಿದೆ. ಇಂದಿನ ಸ್ಪೇನಿನ ನವಾರೆ ಸೀಮೆಯ ಒಂದು ಕೋಟೆಯ ಹೆಸರು ಎಚೆಬೆರಿಯಿಂದ ಸವೆದು ಝೇವಿಯರ್ ಆಗಿತ್ತು. 1506ರಲ್ಲಿ ಅಲ್ಲಿ ಹುಟ್ಟಿ, 1542ರಲ್ಲಿ ಗೋವಾಕ್ಕೆ ಬಂದಿಳಿದ ಸಂತ ಫ್ರಾನ್ಸಿಸ್ ಝೇವಿಯರ್ ಅವರಿಂದಾಗಿ ಗೋವಾ, ಮಂಗಳೂರಿನ ಕ್ರೈಸ್ತ ಕುಟುಂಬಗಳಲ್ಲಿ ಅದು ಹುಡುಗರಿಗಿಡುವ ಹೆಸರೇ ಆಗಿಹೋಯಿತು. ಮಂಗಳೂರಿನ ಝೇವಿಯರ್ ಒಬ್ಬರು ವಾಡಿ ಜಂಕ್ಷನ್ನಿನಲ್ಲಿ ರೈಲು ಬದಲಿಸುವಾಗ ಪಕ್ಕದಲ್ಲಿ ನಿಂತ ಹೊಸಮನಿಯವರ ಕೈಕುಲುಕಿದರೆ ಇಬ್ಬರೂ ಹೆಸರಿನ ಮಟ್ಟಿಗೆ ಒಂದೇ ಮನೆಯವರು. ಇಟಲಿಯ ಆ ಕುಖ್ಯಾತ ರಸಿಕ ಕ್ಯಾಸನೋವಾನ ಹೆಸರಿನ ಅರ್ಥವೂ ಹೊಸ ಮನೆಯೇ. ಅದನ್ನು ಸಂಬಂಧ ಕೂಡಿಸುವ ಹೊತ್ತಿನಲ್ಲಿ ಹೇಳದಿರುವುದು ಲೇಸು.

ಊರು ಇಟ್ಟ ಹೆಸರು ಹೀಗಾದರೆ ಸರ್ಕಾರ ಇಟ್ಟ ಹೆಸರಿನ ಕತೆ ಬೇರೆ. ಸೇಡಂ ಸುತ್ತಿನಲ್ಲಿ ಅದು ಪಾಟೀಲ. ಶಬ್ದ ಹಳೆಯದು, ಮಾಳ್ವದ ಪರಮಾರ ದೊರೆಗಳ ತಾಮ್ರಶಾಸನಗಳು ಊರ ಮುಖ್ಯಸ್ಥರನ್ನು ಪಟ್ಟಕಿಲ ಎಂದು ಕರೆಯುತ್ತವೆ. ಇಲ್ಲಿನ ಹಳೆಯ ಶಾಸನಗಳಲ್ಲಿ ಅದೇ ಜಾಗದಲ್ಲಿ ಕೂತವನು ಗಾವುಂಡ. ಮುಂದೆ ಆಳ್ವಿಕೆ ಬದಲಾಗಿ ಗೌಡಿಕೆಯ ಜಾಗದಲ್ಲಿ ಪಾಟೀಲಕಿ ಬಂತು. 1853ರಲ್ಲಿ ಹೈದರಾಬಾದಿನ ದಿವಾನರಾದ ಸಾಲಾರ್ ಜಂಗ್ ಆಡಳಿತವನ್ನು ಜಿಲ್ಲೆ, ತಾಲ್ಲೂಕುಗಳ ಚೌಕಟ್ಟಿಗೆ ತಂದರು. ಆ ಚೌಕಟ್ಟಿನ ತಳದಲ್ಲಿ ಹಳ್ಳಿಗೆ ಮೂವರು: ಕಂದಾಯಕ್ಕೆ ಮಾಲಿ ಪಟೇಲ, ಬಂದೋಬಸ್ತಿಗೆ ಪೊಲೀಸ್ ಪಟೇಲ, ಲೆಕ್ಕಕ್ಕೆ ಪಟವಾರಿ. ಕಲಬುರಗಿ ಕಡೆ ಇಂದಿಗೂ ಮಾಲಿಪಾಟೀಲ, ಪೊಲೀಸ್ ಪಾಟೀಲ ಎಂಬ ಅಡ್ಡಹೆಸರಿನವರು ಸಿಗುತ್ತಾರೆ. ಹೊರಗಿನವರು ಇವರ ಅಜ್ಜ ಪೊಲೀಸ್ ಇಲಾಖೆಯಲ್ಲಿದ್ದರೆಂದು ತಿಳಿಯುವುದುಂಟು. ಅದೇ ಹುದ್ದೆ ಹಿಡಿದ ಮುಸ್ಲಿಂ ಮನೆತನಗಳು ಪಟೇಲ್ ಆಗಿಯೇ ಉಳಿದವು.

ನಿಜಾಮನ ಆಳ್ವಿಕೆಗೆ 1948ರ ಸೆಪ್ಟೆಂಬರಿನಲ್ಲಿ ಕೊನೆ ಹಾಡಿದ್ದು ಗುಜರಾತಿನ ಒಬ್ಬ ಪಟೇಲರು, ಸರ್ದಾರ್ ವಲ್ಲಭಭಾಯಿ. ವಂಶಪಾರಂಪರ್ಯದ ಹುದ್ದೆಗಳನ್ನೇ ತೆಗೆದುಹಾಕಿದ್ದು ರಾಜ್ಯದ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ. ಅದು 1963ರ ಫೆಬ್ರವರಿಯಿಂದ ಜಾರಿಗೆ ಬಂತು. ಹುದ್ದೆ ಹೋಯಿತು, ಹೆಸರು ಗಟ್ಟಿಯಾಯಿತು. ಪಾಟೀಲಕಿ ಮಾಡಿದ್ದು ಒಬ್ಬನಾದರೂ ಅವನ ಅಣ್ಣತಮ್ಮಂದಿರ ಮಕ್ಕಳೆಲ್ಲ ಪಾಟೀಲರು. ಚಿಂಚೋಳಿಯಿಂದ ಹೊರಟ ವೀರೇಂದ್ರ ಪಾಟೀಲರು 1968ರಲ್ಲಿ ಒಮ್ಮೆ, 1989ರಲ್ಲಿ ಮತ್ತೊಮ್ಮೆ ಮುಖ್ಯಮಂತ್ರಿಯಾದರು. 2023ರ ಚುನಾವಣೆಯಲ್ಲಿ ಕಲಬುರಗಿ ಜಿಲ್ಲೆಯ ಒಂಬತ್ತು ಕ್ಷೇತ್ರಗಳ ಪೈಕಿ ನಾಲ್ಕರಲ್ಲಿ ಗೆದ್ದವರು ಪಾಟೀಲರು.

ಇಷ್ಟು ಜನ ಒಂದೇ ಹೆಸರು ಹೊತ್ತರೆ ಹೆಸರು ಯಾರನ್ನೂ ಗುರುತಿಸುವುದಿಲ್ಲ. ಸೇಡಂ ಕ್ಷೇತ್ರದಲ್ಲಿ 2018ರಲ್ಲೂ 2023ರಲ್ಲೂ ಪಾಟೀಲರಿಗೆ ಎದುರಾಳಿ ಪಾಟೀಲರೇ. ಒಬ್ಬರು ಡಾ. ಶರಣಪ್ರಕಾಶ ಪಾಟೀಲ, ಇನ್ನೊಬ್ಬರು ರಾಜಕುಮಾರ ಪಾಟೀಲ ತೇಲ್ಕೂರ. ಮೊದಲ ಸಲ ತೇಲ್ಕೂರರು ಗೆದ್ದರು, ಎರಡನೆಯ ಸಲ ಶರಣಪ್ರಕಾಶರು. ಗೋಡೆಬರಹದಲ್ಲಿ, ಬಾಯಿಮಾತಿನಲ್ಲಿ ಕೆಲಸಕ್ಕೆ ಬಂದದ್ದು ತೇಲ್ಕೂರ ಎಂಬ ಹಳ್ಳಿಯ ಹೆಸರು, ಪಾಟೀಲ ಅಲ್ಲ. ರಾಜ್ಯಸಭೆಯ ಮಾಜಿ ಸದಸ್ಯ ಬಸವರಾಜ ಪಾಟೀಲರ ಹೆಸರಿನ ಬಾಲಕ್ಕೂ ಸೇಡಂ ಅಂಟಿಕೊಂಡಿದೆ. ಅಡ್ಡಹೆಸರಿಗೊಂದು ಅಡ್ಡಹೆಸರು! ನನ್ನನ್ನು ಕೇಳಿದರೆ ಈ ಭಾಗದ ನಿಜವಾದ ಅಡ್ಡಹೆಸರು ಊರೇ. ಪಾಟೀಲ ಎಂಬುದು ಹಳೆಯ ದಫ್ತರದ ಗುರುತು, ಅಷ್ಟೇ.

ಸರ್ಕಾರಿ ಕಾಗದಗಳೂ ಬಹುಕಾಲ ಅಡ್ಡಹೆಸರಿಗೆ ಮಣೆ ಹಾಕಿರಲಿಲ್ಲ. ಹಳೇ ಮೈಸೂರಿನ ದಾಖಲೆಯಲ್ಲಿ ತಂದೆ ಮಗನ ನಡುವೆ ಬಿನ್ ಕೂತರೆ, ನಿಜಾಮನ ಉರ್ದು ದಾಖಲೆಯಲ್ಲಿ ವಲದ ಕೂತಿತು. ಈಗಿನ ಪಹಣಿಯಲ್ಲಿ “ಮಲ್ಲಪ್ಪ ತಂದೆ ಸಿದ್ದಪ್ಪ”. ಅಷ್ಟರಲ್ಲೇ ಹೊಲದ ಮಾಲೀಕ ತೀರ್ಮಾನವಾಗುತ್ತಾನೆ. ಹೊಲವೇ ಇಲ್ಲದವನಿಗೆ ಪಹಣಿಯೂ ಇಲ್ಲ, ಹುದ್ದೆಯ ಹೆಸರೂ ಇಲ್ಲ. ಅವನ ಮಕ್ಕಳಿಗೆ ಅಡ್ಡಹೆಸರು ಬಂದದ್ದು ಹೆಚ್ಚಾಗಿ ಶಾಲೆಗೆ ಹೆಸರು ಹಚ್ಚಿದ ದಿನ, ಮಾಸ್ತರರ ಲೇಖನಿಯಿಂದ. ಮಾಸ್ತರರು ಕೇಳುತ್ತಿದ್ದರು, ಅಪ್ಪ ತೋಚಿದ್ದು ಹೇಳುತ್ತಿದ್ದ: ಮನೆಯ ಗುರುತು, ಕಸುಬು, ಬಿಟ್ಟು ಬಂದ ಊರು. ದಲಿತ ಕೇರಿಗಳಲ್ಲಿ ಹೊಸಮನಿ, ದೊಡ್ಡಮನಿ, ಕಟ್ಟಿಮನಿಗಳು ಇಷ್ಟೊಂದು ಕಾಣುವುದಕ್ಕೆ ಇದೂ ಒಂದು ಕಾರಣವೆಂದು ನನಗನ್ನಿಸುತ್ತದೆ. ಯಾವ ದಫ್ತರವೂ ಹೆಸರು ಕೊಡದ ಕಡೆ ಮನೆಯೇ ಕೊಟ್ಟಿತು. 2024ರಲ್ಲಿ ಕಲಬುರಗಿ ಮೀಸಲು ಕ್ಷೇತ್ರದಿಂದ ಲೋಕಸಭೆಗೆ ಹೋದವರು ರಾಧಾಕೃಷ್ಣ ದೊಡ್ಡಮನಿ.

ಅವರೆದುರು ಸೋತವರು ಡಾ. ಉಮೇಶ ಜಾಧವ. ಮರಾಠಾ ಮನೆತನದಂತೆ ಕೇಳಿಸುವ ಈ ಜಾಧವ ಚಿಂಚೋಳಿಯ ತಾಂಡಾಗಳಲ್ಲಿ ಲಂಬಾಣಿಗರ ಹೆಸರು. ವಡತ್ಯಾ ಎಂಬ ಗೋತ್ರ ಕರ್ನಾಟಕ, ಮಹಾರಾಷ್ಟ್ರಗಳಲ್ಲಿ ಜಾಧವ ಆಯಿತು, ಪಮಾರ ಪವಾರ ಆಯಿತು. ಭೂಕ್ಯಾ ಎನಿಸಿಕೊಂಡವರು ಇಲ್ಲಿ ರಾಠೋಡ ಎಂದು ಬರೆಸಿದರು. ಒಂದೇ ಗೋತ್ರದೊಳಗೆ ಮದುವೆ ನಿಷಿದ್ಧವಾದ್ದರಿಂದ ಲಂಬಾಣಿಗರಿಗೆ ಹೆಸರು ಅಲಂಕಾರವಲ್ಲ, ನಿಯಮ. ಚಿಂಚೋಳಿ ಕ್ಷೇತ್ರ 2008ರಲ್ಲಿ ಪರಿಶಿಷ್ಟ ಜಾತಿಗೆ ಮೀಸಲಾದ ಮೇಲೆ ಪಾಟೀಲರ ಕಾಲ ಮುಗಿಯಿತು. 2019ರ ಉಪಚುನಾವಣೆಯಲ್ಲೂ 2023ರಲ್ಲೂ ಅಲ್ಲಿ ಹಣಾಹಣಿ ನಡೆದದ್ದು ಒಬ್ಬ ಜಾಧವ ಮತ್ತು ಒಬ್ಬ ರಾಠೋಡರ ನಡುವೆ.

ಚಿಂಚೋಳಿ, ಸೇಡಂ ದಾಟಿದರೆ ತಾಂಡೂರು, ಕೊಡಂಗಲ್. 1956ರವರೆಗೆ ಅವೂ ಗುಲ್ಬರ್ಗಾ ಜಿಲ್ಲೆಯವೇ. ರಾಜ್ಯಗಳ ವಿಂಗಡಣೆಯಲ್ಲಿ ಆಂಧ್ರಕ್ಕೆ ಹೋದವು, ಈಗ ತೆಲಂಗಾಣದಲ್ಲಿವೆ. ಫರಸಿ ಅದೇ, ತೊಗರಿ ಅದೇ, ಹೆಸರಿನ ಕಟ್ಟು ಮಾತ್ರ ಬೇರೆ. ತೆಲುಗರು ಮನೆತನದ ಹೆಸರನ್ನು ಇಂಟಿಪೇರು ಎನ್ನುತ್ತಾರೆ, ಅದನ್ನು ಮುಂದಿಡುತ್ತಾರೆ. ನಮ್ಮವರು ಹಿಂದಿಡುತ್ತಾರೆ. ಇಲ್ಲಿನ ರಾಠೋಡನ ಗೋತ್ರದವನೇ ಅಲ್ಲಿ ಭೂಕ್ಯಾ ಎಂದು ಬರೆಸುತ್ತಾನೆ. ಬದಲಾಗುವುದು ಹೆಸರೊಂದೇ ಅಲ್ಲ: ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರಕ್ಕೆ ಹೋದರೆ ವಿಮುಕ್ತ ಜಾತಿ.

ಗಡಿ ದಾಟದೆಯೂ ಹೆಸರಿನ ಕಾಗುಣಿತ ಬದಲಿಸಿದ್ದು ರೈಲು, ಕಾರ್ಖಾನೆ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮನ ರೈಲು ಓಡಿತು. ಚಿತ್ತಾಪುರ, ಸೇಡಂ ಆ ದಾರಿಯಲ್ಲೇ ಇವೆ. ಶಹಾಬಾದಿನಲ್ಲಿ ಸಿಮೆಂಟ್ ಕಾರ್ಖಾನೆ ಎದ್ದು, 1936ರಲ್ಲಿ ಎಸಿಸಿ ಕಂಪನಿಯ ಪಾಲಾಯಿತು. ವಾಡಿಯಲ್ಲಿ ಎಸಿಸಿಯದೇ ದೊಡ್ಡ ಕಾರ್ಖಾನೆ 1960ರ ದಶಕದಲ್ಲಿ ಬಂತು. ಅಲ್ಲಿನ ಹಾಜರಿ ಪುಸ್ತಕ ಇಂಗ್ಲಿಷಿನದು, ಗುಮಾಸ್ತರು ಹತ್ತೂರಿನವರು. ಹೀಗಾಗಿ ಒಂದೇ ಮನೆಯ ಅಣ್ಣ ಹೊಸಮನಿ, ತಮ್ಮ ಹೊಸ್ಮನಿ. ಬೆಂಗಳೂರು ಸೇರಿದ ಇನ್ನೊಬ್ಬನ ಹೆಸರನ್ನು ಅಲ್ಲಿನವರು ಹೊಸಮನೆ ಎಂದು ತಿದ್ದಿಬಿಡುತ್ತಾರೆ. ಕಲಬುರಗಿಯ ಬಾಯಲ್ಲಿ ಮನೆ ಮನಿಯೇ ಎಂದು ಅವರಿಗೆ ಯಾರು ಹೇಳಬೇಕು?

ಈ ಎಲ್ಲ ಗೊಂದಲದ ಭಾರ ಹೆಚ್ಚು ಬೀಳುವುದು ಹೆಣ್ಣುಮಕ್ಕಳ ಮೇಲೆ. ವಿಜ್ಞಾನೇಶ್ವರನ ಹುಟ್ಟುಹಕ್ಕು ಗಂಡುಮಕ್ಕಳದು. ಅದನ್ನು ಹೆಣ್ಣಿಗೂ ವಿಸ್ತರಿಸಿದ ಕರ್ನಾಟಕದ ತಿದ್ದುಪಡಿ ಜಾರಿಯಾದದ್ದು 1994ರ ಜುಲೈ 30ರಂದು; ಇಡೀ ದೇಶಕ್ಕೆ ಅನ್ವಯಿಸುವ ತಿದ್ದುಪಡಿ 2005ರಲ್ಲಿ ಬಂತು. ಹೊಸಮನಿಯವರ ಮಗಳು ಪಾಟೀಲರ ಸೊಸೆಯಾಗಿ ಹೋಗುತ್ತಾಳೆ ಎನ್ನಿ. ಶಾಲೆಯ ಟಿ.ಸಿ.ಯಲ್ಲಿ ಅವಳು ಹೊಸಮನಿ, ಆಧಾರ್‌ನಲ್ಲಿ ಪಾಟೀಲ, ಹೊಲದ ಕಾಗದದಲ್ಲಿ “ಶರಣಮ್ಮ ಗಂಡ ಬಸವರಾಜ”. ತವರಿನ ಪಾಲಿನಲ್ಲಿ ಹೆಸರು ಏರಿಸಬೇಕೆಂದರೆ ಈ ಮೂವರೂ ಒಬ್ಬಳೇ ಎಂದು ಅವಳು ಪ್ರಮಾಣ ಮಾಡಿ ಬರೆದುಕೊಡಬೇಕು. ತಹಸೀಲ್ದಾರ್ ಕಚೇರಿಯ ಎದುರು ಕೂತ ಟೈಪಿಸ್ಟರ ಬಳಿ ಅದರ ನಮೂನೆ ಸದಾ ಸಿದ್ಧವಿರುತ್ತದೆ. ಛಾಪಾ ಕಾಗದ ತಂದು, ನೋಟರಿಯ ಮುದ್ರೆ ಹಾಕಿಸಿದರೆ ಆಯಿತು. ಅಣ್ಣತಮ್ಮಂದಿರು ತಕರಾರು ಹೂಡಿದರೆ ಮಾತ್ರ ಮುಂದಿನ ಹಾದಿ ಸಿವಿಲ್ ಕೋರ್ಟಿಗೆ.