ಗುಣಿಸಿದರೂ ಉತ್ತರ ಚಿಕ್ಕದೇಕೆ?

ಗುಣಿಸಿದರೆ ಸಂಖ್ಯೆ ದೊಡ್ಡದಾಗಬೇಕಲ್ಲವೇ, 2/3 × 3/4 ಮಾಡಿದರೆ ಅರ್ಧ ಬರುವುದೇಕೆ ಎಂದು ಮಗಳು ಕೇಳುತ್ತಾಳೆ. ಹೇಗೆ ವಿವರಿಸಲಿ?

ಮಗಳ ಪ್ರಶ್ನೆ ಬಹಳ ಒಳ್ಳೆಯದು. ಇಲ್ಲಿ ನಾವು ಮುಕ್ಕಾಲನ್ನು ಮತ್ತೆ ಮತ್ತೆ ಕೂಡುತ್ತಿಲ್ಲ; ಆ ಮುಕ್ಕಾಲಿನಲ್ಲೇ ಮೂರರಲ್ಲಿ ಎರಡು ಪಾಲು ತೆಗೆಯುತ್ತಿದ್ದೇವೆ.

ತಟ್ಟೆಯಲ್ಲಿ ಚೌಕವಾಗಿ ಹರಡಿದ ಕೊಬ್ಬರಿ ಮಿಠಾಯಿಯನ್ನು ಉದ್ದಕ್ಕೆ ನಾಲ್ಕು ಪಟ್ಟಿಯಾಗಿ ಕೊಯ್ಯಿರಿ. ಮೂರು ಪಟ್ಟಿ ಮಗಳದು, ಅಂದರೆ 3/4. ಈಗ ಇಡೀ ಮಿಠಾಯಿಯನ್ನು ಅಡ್ಡಕ್ಕೆ ಮೂರು ಸಾಲಾಗಿ ಕೊಯ್ದರೆ ಒಟ್ಟು 12 ತುಂಡು. ಅವಳ ಪಟ್ಟಿಗಳಲ್ಲಿ ಎರಡು ಸಾಲನ್ನಷ್ಟೇ ಎಣಿಸಲಿ: 6 ತುಂಡು. 12ರಲ್ಲಿ 6, ಅಂದರೆ ಅರ್ಧ.

ಛೇದಗಳ ಗುಣಲಬ್ಧ ಒಟ್ಟು ತುಂಡುಗಳನ್ನು ಹೇಳುತ್ತದೆ, ಅಂಶಗಳ ಗುಣಲಬ್ಧ ನಮ್ಮ ಪಾಲನ್ನು. ನಿಯಮವನ್ನು ಬಾಯಿಪಾಠ ಮಾಡಿಸುವ ಮೊದಲೇ ಇದನ್ನು ಅವಳ ಕೈಯಿಂದ ಮಾಡಿಸಿ. ಮಿಠಾಯಿ ಇಲ್ಲದಿದ್ದರೆ ಚೌಕುಳಿ ಹಾಳೆಯೂ ಸಾಕು.